ಬಾಗಿಲು ಮುಚ್ಚಿದರೂ ಹಿರಿಯರ ಬದುಕು ನಿಲ್ಲದಿರಲಿ

ಕೋವಿಡ್‌ಗೆ ಭಾರತದಲ್ಲಿ ಮೊದಲು ಬಲಿಯಾದವರು ನಮ್ಮ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು. 2020ರ ಮಾರ್ಚ್ 10ರಂದು ಅವರು ತೀರಿಕೊಂಡರು. ಅವರಿಗೆ ಸೋಂಕು ತಗುಲಿದ್ದು ಖಚಿತವಾದದ್ದು ಎರಡು ದಿನದ ನಂತರ. ಆ ಸುದ್ದಿ ಬಂದದ್ದೇ ತಡ, ರಾಜ್ಯದ ಮನೆಮನೆಯಲ್ಲೂ ಒಂದೇ ಆತಂಕ: ಮನೆಯಲ್ಲಿರುವ ವಯಸ್ಸಾದವರನ್ನು ಉಳಿಸಿಕೊಳ್ಳುವುದು ಹೇಗೆ? ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಜೂನ್‌ನಲ್ಲಿ ದೇವಸ್ಥಾನ, ಹೋಟೆಲುಗಳು ತೆರೆದ ಮೇಲೂ 65 ದಾಟಿದವರು ಅನಿವಾರ್ಯವಿಲ್ಲದೆ ಹೊರಗೆ ಬರಬಾರದೆಂಬ ಸೂಚನೆ ಹಾಗೆಯೇ ಮುಂದುವರಿಯಿತು.

ಆ ಎಚ್ಚರಿಕೆ ಸರಿಯಾಗಿಯೇ ಇತ್ತು. 2020ರ ನಡುವಿನ ಹೊತ್ತಿಗೆ ಕೋವಿಡ್‌ನಿಂದ ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 60 ದಾಟಿದವರಾಗಿದ್ದರು. ಆದರೆ ಹಿರಿಯರನ್ನು ವೈರಾಣುವಿನಿಂದ ದೂರ ಇಡುವ ಭರದಲ್ಲಿ, ಅವರ ದಿನದಿಂದ ಏನೇನು ಕಳಚಿಹೋಯಿತು ಎಂಬುದರ ಕಡೆ ನಾವು ಸಾಕಷ್ಟು ಗಮನ ಕೊಡಲಿಲ್ಲ. ಊಟ, ಮಾತ್ರೆ, ಮಾಸ್ಕು ಹೊತ್ತುಹೊತ್ತಿಗೆ ಸಿಕ್ಕವು. ನಡೆದಾಟ, ಮಾತುಕತೆ, ಕೈಗೊಂದು ಕೆಲಸ ಸಿಗಲಿಲ್ಲ. ಇನ್ನೊಂದು ಸಾಂಕ್ರಾಮಿಕ ಬಂದರೆ ಇದೇ ತಪ್ಪು ಮತ್ತೆ ಆಗಬಾರದು. ಅದಕ್ಕೆ ಬೇಕಾದ ತಯಾರಿಯನ್ನು ನೆಮ್ಮದಿಯಾಗಿರುವ ಈ ದಿನಗಳಲ್ಲೇ ಮಾಡಿಕೊಳ್ಳಬೇಕು.

ಹಾಲು ತರುವ ನೆಪದಲ್ಲಿ

ನಮ್ಮಲ್ಲಿ ಹಿರಿಯರ ವ್ಯಾಯಾಮಕ್ಕೆ ವ್ಯಾಯಾಮವೆಂಬ ಹೆಸರು ಇರುವುದು ಕಡಿಮೆ. ಬೆಳಿಗ್ಗೆ ನಂದಿನಿ ಬೂತಿಗೆ ಹೋಗಿ ಅರ್ಧ ಲೀಟರ್ ಹಾಲು ತರುವುದು, ಬರುವಾಗ ಪೇಪರ್ ಅಂಗಡಿಯ ಮುಂದೆ ಹತ್ತು ನಿಮಿಷ ನಿಲ್ಲುವುದು, ಸಂಜೆ ದೇವಸ್ಥಾನದಲ್ಲಿ ಪ್ರದಕ್ಷಿಣೆ, ತಿಂಗಳಿಗೊಮ್ಮೆ ಪಾಸ್‌ಬುಕ್ ಎಂಟ್ರಿ ಮಾಡಿಸಲು ಬ್ಯಾಂಕು, ವಾರಕ್ಕೊಮ್ಮೆ ಸಂತೆ. ಕಾಲಿಗೂ ಬಾಯಿಗೂ ಒಟ್ಟೊಟ್ಟಿಗೆ ಕೆಲಸ ಕೊಡುವ ಏರ್ಪಾಡು ಇದು. ಅಶ್ವತ್ಥಕಟ್ಟೆಯ ಮೇಲೆ ಕೂತು ಆಡುವ ಮಾತಿನಲ್ಲೇ ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗಳಿಗೆ ಸಂಬಂಧ ಕೂಡಿಬಂತು, ಯಾರಿಗೆ ಪಿಂಚಣಿ ಬಂದಿಲ್ಲ ಎಂಬುದೆಲ್ಲ ತಿಳಿಯುತ್ತಿತ್ತು. ಮದುವೆ ಮನೆ, ತಿಥಿ ಊಟ, ಗೃಹಪ್ರವೇಶಗಳಲ್ಲಿ ಹಳೆಯ ನೆಂಟರ ಮುಖದರ್ಶನವಾಗುತ್ತಿತ್ತು.

ಲಾಕ್‌ಡೌನ್ ಬಂದಾಗ ಇಷ್ಟೂ ಒಂದೇ ದಿನ ನಿಂತುಹೋಯಿತು. ಮನೆಯ ಕಿರಿಯರು ಪ್ರೀತಿಯಿಂದಲೇ ‘ನೀವು ಕೂತಿರಿ, ನಾವು ಮಾಡ್ತೀವಿ’ ಎಂದರು. ಹಾಲು ತರುವ ಕೆಲಸ ಮೊಮ್ಮಗನ ಪಾಲಾಯಿತು, ಹೂ ಬಿಡಿಸುವುದು ಸೊಸೆಯ ಪಾಲಾಯಿತು, ಬ್ಯಾಂಕಿನ ವ್ಯವಹಾರ ಮಗನ ಮೊಬೈಲಿನೊಳಗೆ ಹೋಯಿತು. ರೋಗದ ಭಯ ಕಳೆದ ಮೇಲೂ ಈ ಕೆಲಸಗಳು ಬಹಳಷ್ಟು ಹಿರಿಯರ ಕೈಗೆ ಮರಳಲಿಲ್ಲ. ಹೂವು, ತರಕಾರಿ ಮಾರಿ, ಕೂಲಿ ಮಾಡಿ ಬದುಕುವ ಹಿರಿಯರ ಪಾಡು ಇನ್ನೂ ಕಷ್ಟದ್ದು. ಅವರಿಗೆ ಅಂದಿನ ಗಳಿಕೆ ಹೋಯಿತು, ನಿತ್ಯದ ಗಿರಾಕಿಗಳೊಂದಿಗಿನ ಒಡನಾಟವೂ ಹೋಯಿತು.

ಮೊದಲು ಸೋಲುವುದು ಕಾಲು

ಕೂತಲ್ಲೇ ಕೂತರೆ ದೇಹಕ್ಕೆ ಏನಾಗುತ್ತದೆ? ಅಮೆರಿಕದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನೆನಪಾಗುತ್ತದೆ. ಸರಾಸರಿ 67 ವಯಸ್ಸಿನ ಆರೋಗ್ಯವಂತ ಹಿರಿಯರು 10 ದಿನ ಹಾಸಿಗೆ ಬಿಟ್ಟೇಳದೆ ಮಲಗಿದ್ದರು. ಅಷ್ಟರಲ್ಲೇ ಅವರ ಕಾಲುಗಳಿಂದ ಹೆಚ್ಚುಕಡಿಮೆ 1 ಕಿಲೋದಷ್ಟು ಸ್ನಾಯು ಕರಗಿತ್ತು. ಮನೆಯಲ್ಲಿ ಕೂತಿರುವುದು ಹಾಸಿಗೆ ಹಿಡಿದಷ್ಟು ಕೆಟ್ಟದ್ದಲ್ಲ, ನಿಜ. ಆದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ಸೋಫಾ, ಟಿವಿ, ಊಟದ ಮೇಜು, ಮತ್ತೆ ಸೋಫಾ ಎಂದು ತಿಂಗಳುಗಟ್ಟಲೆ ಕಳೆದರೆ ಸಾಗುವ ದಾರಿ ಅದೇ. ಕಳೆದುಕೊಂಡ ಸ್ನಾಯುವನ್ನು ಇಪ್ಪತ್ತೈದರ ಯುವಕ ಬೇಗ ಗಳಿಸಿಕೊಳ್ಳಬಲ್ಲ, ಎಪ್ಪತ್ತೈದರ ಅಜ್ಜನಿಗೆ ಅದು ಸುಲಭವಲ್ಲ. ಕಾಲು ಸೋತಾಗ ಬಚ್ಚಲುಮನೆಯಲ್ಲಿ ಜಾರಿ ಬೀಳುವ ಭಯ ಹೆಚ್ಚುತ್ತದೆ, ಬೀಳುವ ಭಯದಿಂದ ಓಡಾಟ ಇನ್ನಷ್ಟು ಕಡಿಮೆಯಾಗುತ್ತದೆ.

65 ದಾಟಿದವರೂ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕು, ಅದರ ಜೊತೆಗೆ ವಾರದಲ್ಲಿ 3 ದಿನ ಸಮತೋಲನಕ್ಕೂ ಬಲಕ್ಕೂ ಒತ್ತು ಕೊಡುವ ಅಭ್ಯಾಸ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರ್‌ನಲ್ಲಿ, ಕೋವಿಡ್ ಕಾಲದಲ್ಲೇ, ಹೇಳಿತು. ಇದಕ್ಕೆ ಜಿಮ್ಮೂ ಬೇಡ, ಪಾರ್ಕೂ ಬೇಡ.

ಗೋಡೆಗೆ ಆನಿಸಿಟ್ಟ, ಕೈ ಇರುವ ಗಟ್ಟಿ ಕುರ್ಚಿಯೊಂದು ಸಾಕು. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಕುರ್ಚಿಯ ಅಂಚಿಗೆ ಸರಿದು ಕೂತು, ಪಾದಗಳನ್ನು ನೆಲಕ್ಕೆ ಊರಿ, ಎದೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ನಿಧಾನಕ್ಕೆ ಎದ್ದು ನಿಲ್ಲುವುದು. ಕೂರುವಾಗ ಧೊಪ್ಪನೆ ಕುಸಿಯದೆ ಅಷ್ಟೇ ನಿಧಾನವಾಗಿ ಇಳಿಯುವುದು. ಮೊದಲ ವಾರ ಕುರ್ಚಿಯ ಕೈ ಹಿಡಿದು ಐದು ಸಲ. ಸಲೀಸಾದ ಮೇಲೆ ಹತ್ತು ಸಲ. ಆಮೇಲೆ ಕೈ ಹಿಡಿಯದೆ ಏಳುವ ಪ್ರಯತ್ನ. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಇನ್ನೊಂದು. ಹಾಲು ಉಕ್ಕುವುದನ್ನು ಕಾಯುತ್ತಾ ನಿಂತಾಗಲೇ ಇದನ್ನು ಮಾಡಬಹುದು. ಎದೆನೋವು, ತಲೆಸುತ್ತು ಇರುವವರು, ಮಂಡಿ ಆಪರೇಷನ್ ಆದವರು ವೈದ್ಯರನ್ನು ಕೇಳಿ ಶುರುಮಾಡಬೇಕು.

ಜಪಾನ್‌ನವರು ಇದನ್ನೇ ಎಲ್ಲರೂ ಸೇರಿ ಮಾಡುವ ಅಭ್ಯಾಸವಾಗಿಸಿದ್ದಾರೆ. ಅಲ್ಲಿ 1928ರಲ್ಲಿ ಶುರುವಾದ ರೇಡಿಯೊ ವ್ಯಾಯಾಮ ಇಂದಿಗೂ ಬೆಳಿಗ್ಗೆ 6.30ಕ್ಕೆ ಪ್ರಸಾರವಾಗುತ್ತದೆ. ಹತ್ತು ನಿಮಿಷ, ಪಿಯಾನೋ ಸಂಗೀತ, ಎಣಿಕೆ. ಪಾರ್ಕಿನಲ್ಲಿ ಸೇರಿದವರೂ ಮನೆಯಲ್ಲಿ ಒಬ್ಬರೇ ಇರುವವರೂ ಅದೇ ಹೊತ್ತಿಗೆ ಅದೇ ಚಲನೆಗಳನ್ನು ಮಾಡುತ್ತಾರೆ. ನಮ್ಮ ಆಕಾಶವಾಣಿ ಕೇಂದ್ರಗಳೂ ಬೆಳಗಿನ ಹತ್ತು ನಿಮಿಷವನ್ನು ಹೀಗೆ ಹಿರಿಯರಿಗೆ ಮೀಸಲಿಡಬಹುದು. ಸ್ಮಾರ್ಟ್‌ಫೋನ್ ಇಲ್ಲದ ಮನೆಯಲ್ಲೂ ರೇಡಿಯೊ ಕೇಳುತ್ತದೆ.

ಒಬ್ಬರು ಹಾಡುವಾಗ ಉಳಿದವರು ಮ್ಯೂಟ್

ನನ್ನ ಸೋದರತ್ತೆಗೆ 74 ವರ್ಷ. ಲಾಕ್‌ಡೌನ್‌ಗೆ ಮುಂಚೆ ಪ್ರತಿ ಶನಿವಾರ ಸಂಜೆ ಬೀದಿಯ ಹೆಂಗಸರೆಲ್ಲ ಅವರ ಮನೆಯಲ್ಲಿ ಸೇರಿ ಭಜನೆ ಮಾಡುತ್ತಿದ್ದರು. ಅದು ನಿಂತ ಮೇಲೆ ಅತ್ತೆ ಮಂಕಾದರು. ಅವರ ಬಳಿ ಇದ್ದದ್ದು ಗುಂಡಿ ಒತ್ತುವ ಫೋನು. ಮೊಮ್ಮಗಳು ಕಾನ್ಫರೆನ್ಸ್ ಕಾಲ್ ಮಾಡುವುದನ್ನು ಹೇಳಿಕೊಟ್ಟಳು. ಐದು ಜನ ಸೇರಿದರು. ಎಲ್ಲರೂ ಒಟ್ಟಿಗೆ ಹಾಡತೊಡಗಿದರೆ ಒಬ್ಬರ ದನಿ ಇನ್ನೊಬ್ಬರಿಗೆ ಒಂದು ಗಳಿಗೆ ತಡವಾಗಿ ತಲುಪಿ ತಾಳವೆಲ್ಲ ಕಲಸುಮೇಲೋಗರ. ಕೊನೆಗೆ ಅವರೇ ಒಂದು ಕ್ರಮ ಮಾಡಿಕೊಂಡರು: ಒಬ್ಬರು ಹಾಡುವಾಗ ಉಳಿದವರು ಮ್ಯೂಟ್ ಒತ್ತಿ ತಮ್ಮ ಮನೆಯಲ್ಲೇ ದನಿಗೂಡಿಸುವುದು, ಮುಂದಿನ ಹಾಡಿಗೆ ಮುಂದಿನವರ ಸರದಿ. ಯಾರು ಯಾವ ಹಾಡು ಹೇಳಬೇಕೆಂಬ ಪಟ್ಟಿ ಬರೆಯುವ ಹೊಣೆ ಅತ್ತೆಯದು. ಶುಕ್ರವಾರ ಮಧ್ಯಾಹ್ನವೆಲ್ಲ ಆ ಪಟ್ಟಿಗಾಗಿ ಫೋನು ಮಾಡುವುದೇ ಅವರಿಗೊಂದು ಸಡಗರವಾಯಿತು.

ಇದರಲ್ಲಿ ಗಮನಿಸಬೇಕಾದ ಸಂಗತಿಗಳು ಮೂರು. ಮೊದಲನೆಯದು, ಗೊತ್ತುಪಡಿಸಿದ ದಿನ ಮತ್ತು ಹೊತ್ತು. ‘ಯಾವಾಗಲಾದರೂ ಫೋನ್ ಮಾಡ್ತೀನಿ’ ಎನ್ನುವ ಮಗನಿಗಿಂತ ‘ಭಾನುವಾರ ಹತ್ತಕ್ಕೆ ಮಾಡ್ತೀನಿ’ ಎನ್ನುವ ಮಗ ತಾಯಿಗೆ ಹೆಚ್ಚು ಹತ್ತಿರದಲ್ಲಿರುತ್ತಾನೆ, ಅಮೆರಿಕದಲ್ಲಿದ್ದರೂ ಅಷ್ಟೆ. ಎರಡನೆಯದು, ಕೈಯಲ್ಲಿರುವ ಉಪಕರಣವನ್ನೇ ಬಳಸಿದ್ದು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಅತ್ತೆಗೆ ಇತರರು ಕಾಯುವಂಥ ಒಂದು ಕೆಲಸ ಸಿಕ್ಕಿತು.

‘ಊಟ ಆಯ್ತಾ, ಮಾತ್ರೆ ತಗೊಂಡ್ರಾ’ ಎಂದು ದಿನಾ ವಿಚಾರಿಸುವುದು ಒಳ್ಳೆಯದೇ. ಆದರೆ ಅಷ್ಟಕ್ಕೇ ನಿಂತರೆ ಎದುರಿನ ಜೀವ ಬರೀ ಆರೈಕೆ ಪಡೆಯುವ ಜೀವವಾಗಿಬಿಡುತ್ತದೆ. ಹಿರಿಯರಿಂದ ಏನನ್ನಾದರೂ ಕೇಳಬೇಕು. ಮೆಂತ್ಯದ ಹಿಟ್ಟಿನ ಅಳತೆ ಕೇಳಿ. ಅಜ್ಜನ ಅಪ್ಪನ ಹೆಸರು, ಮೂಲ ಊರು, ಜಮೀನಿನ ಕಥೆ ಕೇಳಿ ಬರೆದುಕೊಳ್ಳಿ. ಶಾಲೆ ಮುಚ್ಚಿದ್ದ ಆ ದಿನಗಳಲ್ಲಿ ಚಂದನ ವಾಹಿನಿಯಲ್ಲಿ ಪಾಠ ಬರುತ್ತಿತ್ತು. ಆ ಹೊತ್ತಿನಲ್ಲಿ ಮೊಮ್ಮಕ್ಕಳ ಪಕ್ಕ ಕೂತು ಕಾಗುಣಿತ, ಮಗ್ಗಿ ಒಪ್ಪಿಸಿಕೊಂಡ ನಿವೃತ್ತ ಮೇಷ್ಟ್ರುಗಳಿದ್ದರು. ಮನೆಯಲ್ಲೇ ಹೊಲಿಗೆ ಯಂತ್ರ ತುಳಿದು ಬೀದಿಯವರಿಗೆ ಬಟ್ಟೆ ಮಾಸ್ಕು ಹೊಲಿದುಕೊಟ್ಟ ಅಜ್ಜಿಯರಿದ್ದರು. ಇಂಥವರಿಗೆ ಬೆಳಿಗ್ಗೆ ಏಳಲು ಒಂದು ಕಾರಣವಿತ್ತು.

ಕಲಿಸುವ ಬಗೆ

ಹಿರಿಯರಿಗೆ ಸ್ಮಾರ್ಟ್‌ಫೋನ್ ಒಗ್ಗುವುದಿಲ್ಲ ಎಂಬುದು ಅರ್ಧ ಮಾತ್ರ ನಿಜ. ಅನೇಕ ಸಲ ಕಲಿಸುವ ರೀತಿಯೇ ಸರಿಯಿರುವುದಿಲ್ಲ. ಫೋನನ್ನು ಕೈಯಿಂದ ಕಿತ್ತುಕೊಂಡು ಸರಸರನೆ ಒತ್ತಿ ‘ನೋಡಿ, ಇಷ್ಟೇ’ ಎಂದರೆ ಯಾರಿಗೂ ತಿಳಿಯದು. ಫೋನು ಅವರ ಕೈಯಲ್ಲೇ ಇರಬೇಕು, ಬೆರಳು ಅವರದ್ದೇ ಆಗಿರಬೇಕು. ಅಕ್ಷರದ ಗಾತ್ರ ದೊಡ್ಡದು ಮಾಡಿ, ಭಾಷೆ ಕನ್ನಡಕ್ಕೆ ಬದಲಿಸಿ, ಬೇಡದ ಆ್ಯಪ್‌ಗಳನ್ನು ತೆಗೆದುಹಾಕಿ. ಒಂದು ದಿನಕ್ಕೆ ಒಂದೇ ಪಾಠ: ಇವತ್ತು ವಿಡಿಯೊ ಕಾಲ್ ಸ್ವೀಕರಿಸುವುದು, ನಾಳೆ ತಾವೇ ಮಾಡುವುದು. ಹಂತಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ಅವರ ಕೈಯಲ್ಲೇ ಬರೆಸಿ. ಒಟಿಪಿ ಯಾರಿಗೂ ಹೇಳಬಾರದು ಎಂಬುದನ್ನು ಆ ಪುಸ್ತಕದ ಮೊದಲ ಪುಟದಲ್ಲೇ ಬರೆಸಬೇಕು, ಏಕೆಂದರೆ ಒಂಟಿ ಹಿರಿಯರನ್ನೇ ಹುಡುಕಿ ಮೋಸ ಮಾಡುವವರಿದ್ದಾರೆ. 2021ರ ಮಾರ್ಚ್ 1ರಿಂದ 60 ದಾಟಿದವರಿಗೆ ಲಸಿಕೆ ಶುರುವಾದಾಗ ಕೋವಿನ್ ನೋಂದಣಿಗೂ ಒಟಿಪಿಯೇ ಬೇಕಿತ್ತು. ಬೀದಿಯಲ್ಲಿ ಇಂಥ ಕೆಲಸಕ್ಕೆ ನೆರವಾಗುವ ಇಬ್ಬರು ಹುಡುಗರಿದ್ದರೆ ಹತ್ತಾರು ಮನೆಗಳ ತಲೆಬಿಸಿ ಕಡಿಮೆಯಾಗುತ್ತದೆ.

ಕಿವಿಯ ವಿಚಾರವನ್ನೂ ಮರೆಯಬಾರದು. ಕೇಳಿಸುವುದು ಕಡಿಮೆಯಾದ ಎಷ್ಟೋ ಹಿರಿಯರು ತುಟಿಯ ಚಲನೆ ನೋಡಿ ಮಾತು ಹಿಡಿಯುತ್ತಾರೆ. ಮಾಸ್ಕು ಬಂದಾಗ ಆ ಆಸರೆ ತಪ್ಪಿತು. ಅರ್ಥವಾಗದಿದ್ದರೂ ಹೂಂಗುಟ್ಟಿ, ಕ್ರಮೇಣ ಮಾತೇ ಬಿಟ್ಟರು. ಇಂಥವರೊಂದಿಗೆ ಕಿರುಚುವ ಬದಲು ನಿಧಾನವಾಗಿ, ಎದುರು ನಿಂತು, ಬಿಡಿಸಿ ಹೇಳಬೇಕು. ವಿಡಿಯೊ ಕಾಲ್‌ನಲ್ಲಿ ಬೆಳಕು ಮಾತಾಡುವವರ ಮುಖದ ಮೇಲೆ ಬೀಳುವಂತಿರಲಿ.

ಬಾಗಿಲು ತಟ್ಟುವವರು

ಫೋನು ಮಾಡಲು ಮಕ್ಕಳೇ ಇಲ್ಲದ ಹಿರಿಯರ ಗತಿ? 2011ರ ಜನಗಣತಿಯಂತೆ ದೇಶದಲ್ಲಿ 60 ದಾಟಿದವರು ಸುಮಾರು 10.4 ಕೋಟಿ. ಇವರಲ್ಲಿ ಒಬ್ಬೊಬ್ಬರೇ ಬದುಕುವವರಿಗೆ ಆಸರೆಯಾಗುವುದು ಬಾಗಿಲಿಗೆ ಬಂದು ಮುಖ ನೋಡುವ ಜನ. ಕೋವಿಡ್ ಕಾಲದಲ್ಲಿ ನಮ್ಮ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ಈ ಕೆಲಸ ಮಾಡಿ ತೋರಿಸಿದರು. ಹಿರಿಯರು, ಬಿಪಿ, ಸಕ್ಕರೆ ಕಾಯಿಲೆ ಇರುವವರು ಎಲ್ಲೆಲ್ಲಿ ಇದ್ದಾರೆಂದು ಗುರುತಿಸುವ ಸಮೀಕ್ಷೆಯಲ್ಲಿ ಸುಮಾರು 1.59 ಕೋಟಿ ಮನೆಗಳನ್ನು ಮುಟ್ಟಲಾಯಿತು. ಅಂಚೆಯಣ್ಣಂದಿರು ಆಧಾರ್ ಬೆರಳಚ್ಚಿನ ಯಂತ್ರ ಹಿಡಿದು ಮನೆ ಬಾಗಿಲಲ್ಲೇ ಹಣ ಕೊಟ್ಟರು. ಸಂಧ್ಯಾ ಸುರಕ್ಷಾ ಪಿಂಚಣಿಯನ್ನೇ ನಂಬಿದವರಿಗೆ ಆ ಭೇಟಿ ಎಂದರೆ ಕೈಗೆ ಹಣ, ಜೊತೆಗೆ ಎರಡು ಮಾತು.

ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ನಗರ ಪೊಲೀಸರೊಂದಿಗೆ ಸೇರಿ 2002ರಿಂದ ಹಿರಿಯರ ಸಹಾಯವಾಣಿ 1090 ನಡೆಸಿಕೊಂಡು ಬಂದಿದೆ. ದೇಶವ್ಯಾಪಿ ಎಲ್ಡರ್‌ಲೈನ್ ಸಂಖ್ಯೆ 14567. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಟೆಲಿ ಮಾನಸ್ 14416 ಇದೆ, ಅದಕ್ಕೆ ನಿಮ್ಹಾನ್ಸ್ ಬೆನ್ನೆಲುಬು. ಆದರೆ ಸಹಾಯವಾಣಿಗೆ ಕರೆ ಮಾಡುವಷ್ಟು ಧೈರ್ಯ ಎಲ್ಲರಿಗೂ ಇರುವುದಿಲ್ಲ. ಇದ್ದಕ್ಕಿದ್ದಂತೆ ಊಟ ಕಡಿಮೆಯಾಗುವುದು, ನಡುರಾತ್ರಿ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಸ್ನಾನ, ಪೂಜೆಗಳಲ್ಲಿ ಆಸಕ್ತಿ ಹೋಗುವುದು, ‘ನಾನ್ಯಾಕೆ ಇನ್ನೂ ಇದ್ದೀನೋ’ ಎಂದು ಪದೇಪದೇ ಅನ್ನುವುದು, ಇವನ್ನು ವಯಸ್ಸಿನ ಸಹಜ ಲಕ್ಷಣವೆಂದು ತಳ್ಳಿಹಾಕದೆ ವೈದ್ಯರಿಗೆ ತಿಳಿಸಬೇಕು. ಒಂಟಿತನ ದೇಹವನ್ನೂ ಕಾಡುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ 8.7 ಲಕ್ಷಕ್ಕೂ ಹೆಚ್ಚು ಸಾವುಗಳಿಗೆ ಒಂಟಿತನದ ನಂಟಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಕೊಟ್ಟ ಅಂದಾಜು.

ಈಗಲೇ ಮಾಡಿಕೊಳ್ಳಬೇಕಾದದ್ದು

* ಬೀದಿಯ ಅಥವಾ ಅಪಾರ್ಟ್‌ಮೆಂಟಿನ ಒಂಟಿ ಹಿರಿಯರ ಪಟ್ಟಿ ಮಾಡಿ. ಪ್ರತಿಯೊಬ್ಬರಿಗೂ ಪಕ್ಕದ ಎರಡು ಮನೆಯವರು ಹೊಣೆಯಾಗಲಿ.
* ಮನೆಯ ಕೆಲಸಗಳಲ್ಲಿ ಕನಿಷ್ಠ ಒಂದನ್ನು ಪೂರ್ತಿಯಾಗಿ ಹಿರಿಯರಿಗೇ ಬಿಡಿ: ಗಿಡಕ್ಕೆ ನೀರು, ಸೊಪ್ಪು ಸೋಸುವುದು, ಹಾಲಿನ ಲೆಕ್ಕ. ನಿಧಾನವಾದರೂ ಕಿತ್ತುಕೊಳ್ಳಬೇಡಿ.
* ಫೋನ್ ಮಾಡುವ ದಿನ, ಹೊತ್ತು ಗೊತ್ತುಪಡಿಸಿ, ತಪ್ಪಿಸಬೇಡಿ. ಪ್ರತಿ ಸಲ ಅವರಿಂದ ಒಂದು ವಿಷಯ ಕೇಳಿ ತಿಳಿದುಕೊಳ್ಳಿ.
* ಎದ್ದು ಕೂರುವ ಅಭ್ಯಾಸ, ಟೆರೇಸಿನಲ್ಲೋ ಹಜಾರದಲ್ಲೋ ನಡಿಗೆ ಈಗಲೇ ರೂಢಿಯಾಗಲಿ. ಬಚ್ಚಲುಮನೆಗೆ ಹಿಡಿಕೆ ಹಾಕಿಸಿ.
* ಒಂದು ತಿಂಗಳ ಮಾತ್ರೆ, ವೈದ್ಯರ ಚೀಟಿಯ ನಕಲು, ತುರ್ತು ಸಂಖ್ಯೆಗಳು ಒಂದೇ ಡಬ್ಬಿಯಲ್ಲಿರಲಿ.

ಹಿರಿಯ ನಾಗರಿಕರ ಸಂಘ, ಭಜನಾ ಮಂಡಳಿ, ಗ್ರಾಮ ಪಂಚಾಯಿತಿ ಗ್ರಂಥಾಲಯ, ಯುವಕ ಸಂಘ ನಮ್ಮಲ್ಲಿ ಊರೂರಿಗೂ ಇವೆ. ಕಷ್ಟಕಾಲದಲ್ಲಿ ಯಾರು ಯಾರ ಬಾಗಿಲಿಗೆ ಹೋಗಬೇಕೆಂದು ಇವರೆಲ್ಲ ಒಮ್ಮೆ ಸೇರಿ ತೀರ್ಮಾನಿಸಿದರೆ ಸಾಕು, ಮುಂದಿನ ಲಾಕ್‌ಡೌನ್ ಹೀಗೆ ಕತ್ತು ಹಿಸುಕದು. ರೋಗದಿಂದ ಪಾರಾಗಿಯೂ ನಡೆಯಲಾರದೆ, ಮಾತಾಡಲು ಯಾರೂ ಇಲ್ಲದೆ ಉಳಿಯುವುದನ್ನು ಪಾರಾಗುವುದು ಎನ್ನಲಾಗದು. ಹಿರಿಯರ ಜೀವ ಉಳಿಸುವಷ್ಟೇ ಶ್ರದ್ಧೆಯಿಂದ ಅವರ ದಿನಚರಿಯನ್ನೂ ಉಳಿಸಬೇಕು. ಅದಕ್ಕೆ ಸರ್ಕಾರದ ಆದೇಶಕ್ಕಾಗಿ ಕಾಯಬೇಕಿಲ್ಲ. ಈ ಭಾನುವಾರವೇ ನಿಮ್ಮ ಮನೆಯ ಹಿರಿಯರ ಪಕ್ಕ ಕೂತು, ‘ನಿಮ್ಮಿಂದ ನನಗೊಂದು ಕೆಲಸ ಆಗಬೇಕಿತ್ತು’ ಎಂದು ಮಾತು ಶುರುಮಾಡಿ.