ಅಲಿಬಾಗ್: ಧ್ರುವಪ್ರಭೆ ಗೆರೆಯಾಗಿ ಮೂಡುವ ಕಡಲತೀರ

ಪುಣೆಯ ವಿಮಾನ ನಗರದಲ್ಲಿ ರಾತ್ರಿ ತಲೆಯೆತ್ತಿದರೆ ನಕ್ಷತ್ರಗಳಿಗಿಂತ ಮೊದಲು ಕಣ್ಣಿಗೆ ಬೀಳುವುದು ಲೋಹೆಗಾಂವ್‌ನಲ್ಲಿ ಇಳಿಯುವ ವಿಮಾನಗಳ ದೀಪ. ಅಲ್ಲಿನ ಕನ್ನಡಿಗರು ಟ್ರೈಪಾಡ್ ಹೊತ್ತು ವಾರಾಂತ್ಯಕ್ಕೆ ಕೊಂಕಣದತ್ತ ಹೊರಡುವುದುಂಟು. ಧ್ರುವಪ್ರಭೆಯ ಫೋಟೊ ತೆಗೆಯಲು ನಾರ್ವೆಯ ಲೊಫೊಟೆನ್ ಕಡಲತೀರಕ್ಕೆ ಹೋಗಬೇಕೆಂಬ ಆಸೆಯಿದ್ದವರು ಮೊದಲು ಅಲಿಬಾಗ್ ನೋಡಬೇಕು ಎನ್ನುವುದು ನನ್ನ ಮಾತು.

ಇಲ್ಲಿ ಆಕಾಶ ಹಸಿರಾಗುವುದಿಲ್ಲ. ಆದರೆ ಧ್ರುವಪ್ರಭೆಯನ್ನು ಹೊತ್ತಿಸುವ ಸೌರ ಬಿರುಗಾಳಿ ಭೂಮಿಗೆ ಅಪ್ಪಳಿಸಿದಾಗಲೆಲ್ಲ ಸಮುದ್ರದ ಪಕ್ಕದ ಭೂಕಾಂತ ವೀಕ್ಷಣಾಲಯಕ್ಕೆ ಅದು ಗೊತ್ತಾಗುತ್ತದೆ. ಹಳೆಯ ವಿಧಾನವಂತೂ ನಿಜಕ್ಕೂ ಛಾಯಾಗ್ರಹಣವೇ. ಕತ್ತಲ ಕೋಣೆಯಲ್ಲಿ ಸಣ್ಣ ಎಳೆಗೆ ತೂಗುಬಿಟ್ಟ ಆಯಸ್ಕಾಂತ, ಅದಕ್ಕೆ ಅಂಟಿದ ಪುಟ್ಟ ಕನ್ನಡಿ. ಕನ್ನಡಿಯಿಂದ ಚಿಮ್ಮಿದ ಬೆಳಕಿನ ಚುಕ್ಕೆ, ನಿಧಾನವಾಗಿ ತಿರುಗುವ ಉರುಳೆಯ ಫೋಟೊ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಶಾಂತ ದಿನಗಳಲ್ಲಿ ಮೆಲ್ಲನೆ ಬಾಗುವ ಗೆರೆ, ಬಿರುಗಾಳಿಯ ದಿನ ಥಟ್ಟನೆ ಕುಸಿದು ಅಂಕುಡೊಂಕಾಗುತ್ತಿತ್ತು.

ಈ ಕೆಲಸ ಶುರುವಾದದ್ದು ಮುಂಬೈಯ ಕೊಲಾಬಾ ವೀಕ್ಷಣಾಲಯದಲ್ಲಿ. ನಗರಕ್ಕೆ ವಿದ್ಯುತ್ ಟ್ರ್ಯಾಮ್ ಬರುತ್ತದೆಂದಾಗ, ಅದರ ಕರೆಂಟು ಸೂಕ್ಷ್ಮ ಅಳತೆಗಳನ್ನು ಕೆಡಿಸುತ್ತದೆಂದು ಅಲ್ಲಿನ ಮೊದಲ ಭಾರತೀಯ ನಿರ್ದೇಶಕ ಎನ್‌.ಎ.ಎಫ್‌. ಮೂಸ್ ಅವರು ಅಲಿಬಾಗನ್ನು ಆರಿಸಿದರು. 1904ರಿಂದ 1906ರವರೆಗೆ ಎರಡೂ ಕಡೆ ಒಟ್ಟಿಗೆ ಅಳೆದು, ದಾಖಲೆಯ ಸರಣಿ ಕಡಿಯದಂತೆ ನೋಡಿಕೊಂಡರು. ಆ ಎಚ್ಚರಕ್ಕೆ ನಾವು ಋಣಿಗಳು.

1859ರ ಸೆಪ್ಟೆಂಬರ್ 2ರ ಮಹಾ ಬಿರುಗಾಳಿಯಲ್ಲಿ ಕೊಲಾಬಾದ ಭೂಕಾಂತ ಬಲ ಸುಮಾರು 1,600 ನ್ಯಾನೊಟೆಸ್ಲಾ ಇಳಿದಿತ್ತು. ಸಿಬ್ಬಂದಿ ಕಣ್ಣಿಂದ ಓದಿ ಬರೆದಿಟ್ಟ ಆ ಅಂಕಿಗಳನ್ನು ವಿಜ್ಞಾನಿಗಳು 2003ರಲ್ಲಿ ಮತ್ತೆ ವಿಶ್ಲೇಷಿಸಿದರು. 1872ರ ಫೆಬ್ರವರಿ 4ರಂದು ಮುಂಬೈಯಲ್ಲೇ ಧ್ರುವಪ್ರಭೆ ಕಂಡಿತೆಂದು ಅಂದಿನ ಪತ್ರಿಕೆ ವರದಿ ಮಾಡಿತ್ತು.

2024ರ ಮೇ 10–11ರ ರಾತ್ರಿ ಸೌರ ಬಿರುಗಾಳಿ ಬಂದಾಗ ಭಾರತದಲ್ಲಿ ಕ್ಯಾಮೆರಾಗೆ ಕೆಂಪು ಧ್ರುವಪ್ರಭೆ ಸಿಕ್ಕಿದ್ದು ಲಡಾಖ್‌ನ ಹಾನ್ಲೆಯಲ್ಲಿ. ಅಲ್ಲಿನ ವೀಕ್ಷಣಾಲಯ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ಗೆ ಸೇರಿದ್ದು. ಕೆಂಪು ಬೆಳಕು 200 ಕಿ.ಮೀ.ಗೂ ಮೇಲಿನ ಆಮ್ಲಜನಕದ್ದು. ಅಷ್ಟು ಎತ್ತರದಲ್ಲಿರುವುದರಿಂದಲೇ ದೂರದ ದಕ್ಷಿಣಕ್ಕೂ ಕಾಣುತ್ತದೆ. ಬರಿಗಣ್ಣಿಗೆ ಮಸುಕಾದದ್ದು ಹತ್ತಾರು ಸೆಕೆಂಡುಗಳ ಎಕ್ಸ್‌ಪೋಶರ್‌ನಲ್ಲಿ ತುಂಬಿಬರುತ್ತದೆ.

ಅಲಿಬಾಗ್‌ನ ಮರಳು ಕಪ್ಪು. ಇಳಿತದ ಹೊತ್ತಿಗೆ ಸಮುದ್ರದೊಳಗಿನ ಕೋಟೆಗೆ ನಡೆದೇ ಹೋಗಬಹುದು. ವೀಕ್ಷಣಾಲಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಜಿಯೊಮ್ಯಾಗ್ನೆಟಿಸಂನ ಆಡಳಿತದಲ್ಲಿದೆ. ಒಳಗೆ ನೋಡಬೇಕೆಂದರೆ ಮೊದಲೇ ಪತ್ರ ಬರೆದು ಅನುಮತಿ ಕೇಳುವುದು ಒಳ್ಳೆಯದು.