ತಿನ್ನಬಹುದಾದದ್ದನ್ನು ಉಸಿರಾಡಬಹುದೇ?

ಹತ್ತನೇ ತರಗತಿಗೆ ‘ಜೀವಕ್ರಿಯೆಗಳು’ ಪಾಠ ಮಾಡುವಾಗ ಧೂಮಪಾನದ ಮಾತು ಬಂದೇ ಬರುತ್ತದೆ. ಈಗ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಬರುತ್ತದೆ: “ಸರ್, ವೇಪ್‌ನಲ್ಲಿ ಹೊಗೆಯೇ ಇಲ್ಲ, ಬರೀ ಫ್ಲೇವರ್ ಅಲ್ವಾ?” ಇ-ಸಿಗರೇಟಿನ ತಯಾರಿಕೆ, ಮಾರಾಟ, ಜಾಹೀರಾತು ನಮ್ಮ ದೇಶದಲ್ಲಿ 2019ರಿಂದ ನಿಷಿದ್ಧ. ಆದರೆ ವಿಜ್ಞಾನದ ತರಗತಿಯಲ್ಲಿ ಕಾನೂನು ಹೇಳಿ ಪ್ರಶ್ನೆಯ ಬಾಯಿ ಮುಚ್ಚಿಸುವುದು ನನಗೆ ಸರಿ ಕಾಣದು. ಉತ್ತರವನ್ನು ಜೀವಕೋಶದಿಂದಲೇ ಕೊಡಬಹುದು.

ಶ್ವಾಸನಾಳದ ಒಳಪದರದಲ್ಲಿ ಕೆಲವು ಕೋಶಗಳು ಲೋಳೆ ಸ್ರವಿಸುತ್ತವೆ; ದೂಳು, ರೋಗಾಣುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಪಕ್ಕದ ಕೋಶಗಳ ಮೇಲೆ ಸಿಲಿಯಾ ಎಂಬ ಸೂಕ್ಷ್ಮ ರೋಮಗಳಿವೆ. ಗಾಳಿಗೆ ಭತ್ತದ ಪೈರು ತೂಗಿದಂತೆ ಇವು ಅಲೆಅಲೆಯಾಗಿ ಬಡಿದು ಲೋಳೆಯನ್ನು ಗಂಟಲಿನತ್ತ ತಳ್ಳುತ್ತವೆ. (ಪೈರನ್ನು ಗಾಳಿ ಅಲುಗಿಸುತ್ತದೆ, ಸಿಲಿಯಾ ತಾವೇ ಬಡಿಯುತ್ತವೆ. ಈ ವ್ಯತ್ಯಾಸ ಹೇಳದಿದ್ದರೆ ಮಕ್ಕಳು ಹೋಲಿಕೆಯನ್ನೇ ನಂಬಿಬಿಡುತ್ತಾರೆ.)

ವೇಪ್ ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸಾಮಾನ್ಯವಾಗಿ ನಿಕೋಟಿನ್, ಜೊತೆಗೆ ಪರಿಮಳಕ್ಕೆ ಬೆರೆಸಿದ ರಾಸಾಯನಿಕಗಳು ಇರುತ್ತವೆ. ಅಂಥವುಗಳಲ್ಲಿ ಒಂದು ಡೈಅಸಿಟೈಲ್. ಬೆಣ್ಣೆಯ ಘಮಕ್ಕೆ ಇದೂ ಒಂದು ಕಾರಣ. ಆಹಾರದಲ್ಲಿ ಬಳಸಲು ಅನುಮತಿಯೂ ಇದೆ. ತಿಂದದ್ದು ಜಠರ, ಕರುಳು, ಯಕೃತ್ತು ದಾಟಿ ರಕ್ತಕ್ಕೆ ಸೇರುತ್ತದೆ. ಉಸಿರಾಡಿದ್ದು ನೇರವಾಗಿ ಶ್ವಾಸನಾಳದ ತೆಳು ಪದರಕ್ಕೇ ತಾಗುತ್ತದೆ. ಈ ಅಂತರ ಎಷ್ಟು ದೊಡ್ಡದೆಂದು ತಿಳಿದದ್ದು ಪಾಪ್‌ಕಾರ್ನ್ ಕಾರ್ಖಾನೆಯೊಂದರಿಂದ. 2000ದಲ್ಲಿ ಅಮೆರಿಕದ ಮಿಸೌರಿ ರಾಜ್ಯದಲ್ಲಿ, ಬೆಣ್ಣೆ ಫ್ಲೇವರಿನ ಆವಿಯ ನಡುವೆ ದುಡಿದ ಎಂಟು ಮಾಜಿ ಕಾರ್ಮಿಕರಲ್ಲಿ ಅಪರೂಪದ ಕಾಯಿಲೆಯೊಂದು ವರದಿಯಾಯಿತು. ಅವರ ಕಿರುಶ್ವಾಸನಾಳಗಳು ಕಲೆಗಟ್ಟಿ ಕಿರಿದಾಗಿದ್ದವು. ಹಾಗೆ ಕಿರಿದಾದದ್ದು ಮತ್ತೆ ಮೊದಲಿನಂತಾಗುವುದಿಲ್ಲ.

2015ರಲ್ಲಿ ಹಾರ್ವರ್ಡ್ ಸಂಶೋಧಕರು ಫ್ಲೇವರ್ ಸೇರಿಸಿದ 51 ಇ-ಸಿಗರೇಟು ಮಾದರಿಗಳನ್ನು ಪರೀಕ್ಷಿಸಿದಾಗ 39ರಲ್ಲಿ ಡೈಅಸಿಟೈಲ್ ಸಿಕ್ಕಿತು. 2019ರಲ್ಲಿ ಪ್ರಕಟವಾದ ಅಲ್ಲಿನದೇ ಇನ್ನೊಂದು ಅಧ್ಯಯನದಲ್ಲಿ, ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಶ್ವಾಸನಾಳದ ಕೋಶಗಳನ್ನು 24 ಗಂಟೆ ಇದಕ್ಕೆ ಒಡ್ಡಲಾಯಿತು. ಸಿಲಿಯಾ ನಿರ್ಮಿಸುವ ಜೀನ್‌ಗಳ ಚಟುವಟಿಕೆ ಕುಗ್ಗಿತು, ಸಿಲಿಯಾ ಹೊತ್ತ ಕೋಶಗಳೂ ಕಡಿಮೆಯಾದವು.

ಇಲ್ಲಿ ಶಿಕ್ಷಕರು ತುಸು ಎಚ್ಚರ ವಹಿಸಬೇಕು. ತಟ್ಟೆಯಲ್ಲಿ ಬೆಳೆದ ಕೋಶ ಇಡೀ ಶ್ವಾಸಕೋಶವಲ್ಲ. ವೇಪ್ ಸೇದಿದವರಿಗೆಲ್ಲ ಪಾಪ್‌ಕಾರ್ನ್ ಕಾರ್ಮಿಕರ ಕಾಯಿಲೆ ಬರುತ್ತದೆಂದು ಇದರಿಂದ ಹೇಳಲಾಗದು. ಡೈಅಸಿಟೈಲ್ ಸಿಗರೇಟಿನ ಹೊಗೆಯಲ್ಲೂ ಇದೆ. ಹೆದರಿಸಲು ಹೆಚ್ಚು ಹೇಳಿದರೆ, ಮೊಬೈಲಿನಲ್ಲಿ ಹುಡುಕಿ ನೋಡಿದ ವಿದ್ಯಾರ್ಥಿ ನಾವು ಹೇಳಿದ ನಿಜವನ್ನೂ ನಂಬುವುದಿಲ್ಲ. ಅದರ ಬದಲು ಕಪ್ಪುಹಲಗೆಯ ಮೇಲೆ ಆ ಪದರದ ಚಿತ್ರ ಬರೆದು, ಸಿಲಿಯಾಗಳನ್ನು ಒಂದೊಂದಾಗಿ ಅಳಿಸುತ್ತಾ, “ಈಗ ಲೋಳೆ ಎಲ್ಲಿಗೆ ಹೋಗುತ್ತದೆ?” ಎಂದು ಕೇಳಬಹುದು.