ಮೂವತ್ತೈದು ಸೆಕೆಂಡು ಉಳಿದಿದ್ದಾಗ...

2008ರ ಫೆಬ್ರವರಿ 3. ಅಮೆರಿಕದ ಅರಿಜೋನಾ ರಾಜ್ಯದ ಗ್ಲೆಂಡೇಲ್ ನಗರದಲ್ಲಿ ‘ಸೂಪರ್ ಬೌಲ್’ ಪಂದ್ಯ. ಅಮೆರಿಕನ್ ಫುಟ್‌ಬಾಲಿನ ಚಾಂಪಿಯನ್ನರನ್ನು ನಿರ್ಧರಿಸುವ ಈ ಅಂತಿಮ ಹಣಾಹಣಿಗೆ ಬಂದಿದ್ದ ಎರಡು ತಂಡಗಳ ನಡುವೆ ಅಜಗಜಾಂತರವಿತ್ತು. ಒಂದು, ಆಡಿದ 18 ಪಂದ್ಯಗಳನ್ನೂ ಗೆದ್ದು ಬಂದಿದ್ದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್. ಇನ್ನೊಂದು, ಲೀಗ್ ಹಂತದಲ್ಲೇ ಆರು ಸೋಲು ಕಂಡಿದ್ದ ನ್ಯೂಯಾರ್ಕ್ ಜೈಂಟ್ಸ್. ಪಂಡಿತರ ಲೆಕ್ಕಾಚಾರದಲ್ಲಿ ಫಲಿತಾಂಶ ಮೊದಲೇ ತೀರ್ಮಾನವಾಗಿ ಹೋಗಿತ್ತು.

ಹೆಸರು ಫುಟ್‌ಬಾಲ್ ಆದರೂ ಈ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ತಂಡಕ್ಕೆ 11 ಮಂದಿ. ಚೆಂಡಿನ ಎರಡೂ ತುದಿ ಚೂಪು. ನಾಲ್ಕು ಯತ್ನಗಳಲ್ಲಿ ಚೆಂಡನ್ನು 10 ಗಜ ಮುಂದೊಯ್ಯಬೇಕು. ಆಗದಿದ್ದರೆ ಅದು ಎದುರಾಳಿಗಳ ಪಾಲು. ಎದುರಾಳಿಯ ಗಡಿ ದಾಟಿಸಿದರೆ ‘ಟಚ್‌ಡೌನ್’, 6 ಅಂಕ. ಚೆಂಡನ್ನು ಎಸೆಯುವ ಸೇನಾಪತಿಯೇ ‘ಕ್ವಾರ್ಟರ್‌ಬ್ಯಾಕ್’. ಆತ ಅದನ್ನು ಬುಗುರಿಯಂತೆ ತಿರುಗಿಸಿ ಎಸೆಯುತ್ತಾನೆ. ಹಾಗೆ ತಿರುಗುವುದರಿಂದಲೇ ಚೆಂಡು ಗಾಳಿಯಲ್ಲಿ ಓಲಾಡದೆ ನೇರವಾಗಿ ಸಾಗುತ್ತದೆ.

ಪೇಟ್ರಿಯಟ್ಸ್ ಸೇನಾಪತಿ ಟಾಮ್ ಬ್ರೇಡಿ. ಆ ವರ್ಷದ ಲೀಗ್ ಪಂದ್ಯಗಳಲ್ಲಿ ಆತನ ಎಸೆತಗಳಿಂದ ಬಂದ ಟಚ್‌ಡೌನ್‌ಗಳು 50. ತಂಡ ಗಳಿಸಿದ ಅಂಕ 589. ಎರಡೂ ಆಗಿನ ದಾಖಲೆಗಳು. ಜೈಂಟ್ಸ್ ಸೇನಾಪತಿ ಈಲೈ ಮ್ಯಾನಿಂಗ್. ತಂದೆ ಆರ್ಚಿ ಹೆಸರಾಂತ ಕ್ವಾರ್ಟರ್‌ಬ್ಯಾಕ್. ಅಣ್ಣ ಪೇಟನ್ ಹಿಂದಿನ ವರ್ಷದ ಸೂಪರ್ ಬೌಲಿನ ಶ್ರೇಷ್ಠ ಆಟಗಾರ. ಅಣ್ಣನೊಂದಿಗಿನ ಹೋಲಿಕೆ ಈಲೈಯನ್ನು ನೆರಳಿನಂತೆ ಹಿಂಬಾಲಿಸಿತ್ತು. ಅನೇಕ ಮನೆಗಳ ಕಿರಿಯ ಮಕ್ಕಳಿಗೆ ಈ ಸಂಕಟ ಹೊಸದಲ್ಲ.

ಜೈಂಟ್ಸ್ ಆ ಋತುವಿನ ಮೊದಲೆರಡು ಪಂದ್ಯಗಳಲ್ಲಿ ಡಲ್ಲಾಸ್ ಮತ್ತು ಗ್ರೀನ್ ಬೇ ತಂಡಗಳಿಗೆ ಒಟ್ಟು 80 ಅಂಕ ಬಿಟ್ಟುಕೊಟ್ಟು ಸೋತಿತ್ತು. ಕೊನೆಯ ಲೀಗ್ ಪಂದ್ಯದ ಹೊತ್ತಿಗೆ ಹೇಗೋ ಮುಂದಿನ ಹಂತಕ್ಕೆ ಅರ್ಹತೆ ಪಡೆದಿತ್ತು. 2007ರ ಡಿಸೆಂಬರ್ 29ರ ಆ ಪಂದ್ಯ ಇದೇ ಪೇಟ್ರಿಯಟ್ಸ್ ವಿರುದ್ಧ. ಗೆದ್ದರೆ ಲಾಭವಿಲ್ಲ, ಸೋತರೆ ನಷ್ಟವಿಲ್ಲ. ಇಂಥ ಸಂದರ್ಭದಲ್ಲಿ ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಡುವುದು ವಾಡಿಕೆ. ತರಬೇತುದಾರ ಟಾಮ್ ಕಾಫ್ಲಿನ್ ಹಾಗೆ ಮಾಡದೆ ಪೂರ್ಣ ಬಲದಿಂದಲೇ ಆಡಿಸಿದರು. ಜೈಂಟ್ಸ್ 35-38ರಿಂದ ಸೋತಿತು. ಆದರೆ ‘ಅಜೇಯ’ ತಂಡಕ್ಕೂ ತಮಗೂ ಇರುವ ಅಂತರ ಮೂರೇ ಅಂಕವೆಂಬುದು ಆಟಗಾರರಿಗೆ ಖಚಿತವಾಯಿತು.

ಅನಂತರ ಎದುರಾಳಿಗಳ ಅಂಗಳದಲ್ಲೇ ಸತತ ಮೂರು ಗೆಲುವು. ಮೊದಲು ಸೋಲಿಸಿದ್ದ ಡಲ್ಲಾಸ್, ಗ್ರೀನ್ ಬೇ ಎರಡೂ ಈಗ ಮಣಿದವು. ಗ್ರೀನ್ ಬೇಯಲ್ಲಿ ಆಡಿದ್ದು ಶೂನ್ಯಕ್ಕಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ!

ಫೈನಲ್‌ನಲ್ಲಿ ಜೈಂಟ್ಸ್ ರಕ್ಷಣಾ ಆಟಗಾರರು ಬ್ರೇಡಿಯನ್ನು ಎಸೆಯುವ ಮುನ್ನವೇ ಐದು ಬಾರಿ ಕೆಡವಿದರು. ಆದರೂ ಆಟ ಮುಗಿಯಲು 2 ನಿಮಿಷ 42 ಸೆಕೆಂಡು ಇದ್ದಾಗ ಪೇಟ್ರಿಯಟ್ಸ್ 14-10ರಿಂದ ಮುಂದಿತ್ತು. ಜೈಂಟ್ಸ್ ಮುಂದಿದ್ದುದು 83 ಗಜಗಳ ಹಾದಿ.

ಒಂದೂಕಾಲು ನಿಮಿಷ ಉಳಿದಿತ್ತು. ಎದುರಾಳಿಗಳು ಈಲೈಯ ಅಂಗಿಯನ್ನೇ ಹಿಡಿದೆಳೆದರು. ಆತ ಕೊಸರಿಕೊಂಡು ಹೊರಬಂದು ಚೆಂಡನ್ನು ಎತ್ತರಕ್ಕೆ ಎಸೆದ. ಅದಕ್ಕಾಗಿ ನೆಗೆದವನು ಡೇವಿಡ್ ಟೈರಿ. ಇಡೀ ಲೀಗ್ ಹಂತದಲ್ಲಿ ಆತ ಹಿಡಿದಿದ್ದುದು ನಾಲ್ಕೇ ಚೆಂಡು! ಎದುರಾಳಿಯ ಎಳೆದಾಟಕ್ಕೆ ಒಂದು ಕೈ ಜಾರಿತು. ಟೈರಿ ಇನ್ನೊಂದು ಕೈಯಿಂದ ಚೆಂಡನ್ನು ತನ್ನ ಶಿರಸ್ತ್ರಾಣಕ್ಕೇ ಒತ್ತಿಹಿಡಿದ. ಒತ್ತಡ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು. ನುಣುಪಾದ ಶಿರಸ್ತ್ರಾಣದಿಂದ ಚೆಂಡು ಜಾರಲಿಲ್ಲ, ಬೆನ್ನಡಿಯಾಗಿ ಬಿದ್ದರೂ ನೆಲಕ್ಕೆ ತಾಗಲಿಲ್ಲ. ಒಂದೇ ಏಟಿಗೆ 32 ಗಜ!

35 ಸೆಕೆಂಡು ಉಳಿದಿದ್ದಾಗ ಈಲೈ ಎಸೆದ ಚೆಂಡನ್ನು ಪ್ಲಾಕ್ಸಿಕೋ ಬರೆಸ್ ಗಡಿಯಾಚೆ ಹಿಡಿದ. ಜೈಂಟ್ಸ್ 17, ಪೇಟ್ರಿಯಟ್ಸ್ 14. ಶ್ರೇಷ್ಠ ಆಟಗಾರ ಪ್ರಶಸ್ತಿ ಈ ಬಾರಿ ತಮ್ಮನಿಗೆ ಬಂತು. ನಾಲ್ಕು ವರ್ಷಗಳ ಬಳಿಕ, 2012ರಲ್ಲಿ, ಇದೇ ತಂಡಗಳು ಮತ್ತೆ ಫೈನಲ್‌ನಲ್ಲಿ ಎದುರಾದಾಗಲೂ ಗೆದ್ದದ್ದು ಜೈಂಟ್ಸ್.

ಟೈರಿಯ ಆ ಹಿಡಿತವನ್ನು ಅದೃಷ್ಟ ಎನ್ನುವವರಿದ್ದಾರೆ. ಇರಬಹುದು. ಆದರೆ ಅದೃಷ್ಟ ಬರುವವರೆಗೂ ಪಂದ್ಯವನ್ನು ಕೈಬಿಡದೆ ಉಳಿಸಿಕೊಂಡದ್ದು, ಲೆಕ್ಕಕ್ಕಿಲ್ಲದ ಪಂದ್ಯವನ್ನೂ ಮನಸ್ಸಿಟ್ಟು ಆಡಿದ ತಂಡ. ಅಂಕಪಟ್ಟಿಗೆ ಸೇರದ ಪರೀಕ್ಷೆಗೆ ಓದುವುದೇಕೆ ಎಂದು ಕೇಳುವ ಮಕ್ಕಳಿಗೆ ಡಿಸೆಂಬರ್ 29ರ ಆ ಸೋಲನ್ನೇ ಹೇಳಬೇಕು.